ಜೋಮು

ಜೋಮು ಎಂಬ ಪದಕ್ಕೆ ನಮ್ಮಲ್ಲಿ ಅಂಥ ಗೌರವವೇನೂ ಇಲ್ಲ. ಜ್ವರಕ್ಕಿದೆ, ನೋವಿಗಿದೆ, ಕೊನೆಗೆ ನೆಗಡಿಗೂ ಇದೆ. ನೆಗಡಿಯಾದವರಿಗೆ ಮೆಣಸಿನ ಸಾರು ಮಾಡಿ ಬಡಿಸುತ್ತೇವೆ. ಜೋಮು ಹಿಡಿದವರಿಗೆ ಯಾರೂ ಏನೂ ಮಾಡಿಕೊಡುವುದಿಲ್ಲ. ಹರಿಕಥೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಂಗಳಾರತಿಗೆ ಏಳಹೊರಟರೆ ಕಾಲು ನಮ್ಮದೇ ಅಲ್ಲವೆನ್ನಿಸುತ್ತದೆ. ಪಕ್ಕದವರ ಭುಜ ಹಿಡಿದು ನಗುತ್ತ ನಿಲ್ಲುತ್ತೇವೆ. ನಾಲ್ಕು ಸಲ ನೆಲಕ್ಕೆ ಬಡಿದರೆ ಇರುವೆ ಹರಿದಂತಾಗಿ ಬಿಟ್ಟುಹೋಗುತ್ತದೆ. ಅಷ್ಟೇ ಅದರ ಆಯುಸ್ಸು. ಹಾಗಾಗಿ, ಬಿಡದೇ ಇರುವಂಥ ಜೋಮು ಬಂದಾಗ ಅದನ್ನು ಹೇಳಿಕೊಳ್ಳಲು ನಮ್ಮ ಬಾಯಲ್ಲಿ ಬೇರೆ ಪದವೇ ಇರುವುದಿಲ್ಲ. ಜೋಮು ಅಂದರೆ ಕೇಳಿದವರು "ಕಾಲು ಬಡೀರಿ, ಹೋಗತ್ತೆ" ಅನ್ನುತ್ತಾರೆ.

ನನ್ನ ಎಡ ಎದೆಯಲ್ಲಿ ಗಂಟು ಕಂಡದ್ದು 2018ರ ಸಂಕ್ರಾಂತಿಯ ಆಸುಪಾಸಿನಲ್ಲಿ. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಅಂಥದು ಈಗ ಬೀದಿಗೊಂದಿದೆ, ನಿಮ್ಮ ಬೀದಿಯಲ್ಲೂ ಇದ್ದೀತು. ಆಪರೇಷನ್ ಆಯಿತು, ಗಾಯ ಒಣಗಿತು, ಮೈಸೂರಿನದೇ ಒಂದು ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಮೊದಲು ಮೂರು ವಾರಕ್ಕೊಂದರಂತೆ ನಾಲ್ಕು ಸಲ ಕೆಂಪು ಔಷಧಿ. ಕೂದಲನ್ನು ಕಿತ್ತುಕೊಂಡು ಹೋದದ್ದು, ಒಗ್ಗರಣೆಯ ವಾಸನೆಗೇ ವಾಕರಿಕೆ ಬರಿಸಿದ್ದು ಅದೇ. ಆಮೇಲೆ ವಾರಕ್ಕೊಂದರಂತೆ ಹನ್ನೆರಡು ವಾರ ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು. ಇದಕ್ಕೆ ಬಣ್ಣವಿಲ್ಲ, ನೀರಿನ ಹಾಗೆ. "ಇದು ಸೌಮ್ಯ ಅಮ್ಮಾ, ವಾಂತಿಗೀಂತಿ ಅಷ್ಟಾಗಿ ಇರಲ್ಲ" ಅಂದರು ನರ್ಸಮ್ಮ. ಆಕೆ ಹೇಳಿದ್ದು ನಿಜವೇ ಆಗಿತ್ತು. ಮೂರನೆಯ ವಾರಕ್ಕೆ ನಾನು ಹುಳಿ ಅನ್ನ ಉಂಡೆ, ಮನೆಯವರಿಗೆಲ್ಲ ಹಬ್ಬವಾಯಿತು.

ಬೆರಳಿನ ಮಾತನ್ನು ಯಾರೂ ಆಡಲಿಲ್ಲ ಎಂದರೆ ತಪ್ಪಾದೀತು. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇತ್ತು. ನಮ್ಮ ಮಗ ಓದಿದ್ದ. ಆದರೆ ಆ ಹಾಳೆಯಲ್ಲಿ ಹೃದಯ, ರಕ್ತ, ಸೋಂಕು ಎಂದು ಇಪ್ಪತ್ತು ಭಯಗಳಿದ್ದವು. ಅವುಗಳ ನಡುವೆ ಬೆರಳ ತುದಿಯ ಜೋಮು ಯಾರ ಕಣ್ಣಿಗೆ ಬಿದ್ದೀತು?

ಐದನೆಯ ವಾರ ಕಾಲ್ಬೆರಳ ತುದಿಯಲ್ಲಿ ಅದು ಬಂತು. ಹಾಸಿಗೆಯಲ್ಲಿ ಮಲಗಿದರೆ ಕಾಲುಚೀಲ ಹಾಕಿಕೊಂಡೇ ಮಲಗಿದ್ದೇನೆ ಅನ್ನಿಸುತ್ತಿತ್ತು; ಮುಟ್ಟಿ ನೋಡಿದರೆ ಬರಿಗಾಲು. ಎರಡು ವಾರಕ್ಕೆ ಕೈಗೂ ಬಂತು. ಗೋಂದು ಮೆತ್ತಿ ಒಣಗಿಬಿಟ್ಟಂತೆ ಬೆರಳ ತುದಿ. ಪಂಚಾಂಗದ ಹಾಳೆ ಒಂದರ ಬದಲು ಮೂರು ತಿರುಗುತ್ತಿತ್ತು. ಸೇಫ್ಟಿ ಪಿನ್ನು ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಿಟ್ಟು ನೋಡಿಯೇ ತಿಳಿಯಬೇಕು. ದೇವರ ಮುಂದೆ ಕಡ್ಡಿ ಗೀರಿದರೆ ಉರಿ ಉಗುರಿಗೆ ಬಂದದ್ದು ತಿಳಿಯದು, ವಾಸನೆಯಿಂದ ತಿಳಿಯಬೇಕು. ಚಿಲ್ಲರೆ ಪರ್ಸಿನಲ್ಲಿ ಎರಡು ರೂಪಾಯಿ ಯಾವುದು, ಐದು ಯಾವುದು ಎಂದು ನೋಡದೆಯೇ ತೆಗೆಯುತ್ತಿದ್ದೆನಲ್ಲ, ಆ ವಿದ್ಯೆ ಹೋಯಿತು.

ನಾವು ಹೆಂಗಸರು ಕಣ್ಣಿಗಿಂತ ಬೆರಳಿನಿಂದಲೇ ಹೆಚ್ಚು ತಿಳಿದುಕೊಳ್ಳುತ್ತೇವೆ. ಅಕ್ಕಿಯಲ್ಲಿ ಕಲ್ಲು, ಮಗುವಿನ ಹಣೆಯ ಬಿಸಿ, ದೋಸೆ ಹಿಟ್ಟು ಉಬ್ಬಿದ್ದು, ಸೀರೆ ಅಂಗಡಿಯಲ್ಲಿ ರೇಷ್ಮೆಯೋ ರೇಷ್ಮೆಯಂಥದೋ ಎಂಬುದು. ಮೈಸೂರು ಪಾಕಿಗೆ ಎಳೆಪಾಕ ಬಂತೇ ಎಂದು ಹೆಬ್ಬೆರಳು ತೋರುಬೆರಳ ನಡುವೆ ನೋಡುವುದನ್ನು ನನಗೆ ಅತ್ತೆ ಕಲಿಸಿದ್ದು ಮಾತಿನಿಂದಲ್ಲ, ನನ್ನ ಬೆರಳನ್ನು ತಮ್ಮ ಬೆರಳಿಗೆ ಒತ್ತಿ. ಇವೆಲ್ಲ ನಾವು ಕಲಿತ ವಿದ್ಯೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹೋದ ಮೇಲೆ ನಾನೂ ಲೆಕ್ಕ ಹಾಕಿದೆ ಅನ್ನಿ.

ಆ ಆಷಾಢದಲ್ಲಿ ಒಂದು ದಿನ, ಸಂಜೆಯ ಮುಂಚೆ ಜನ ಕಡಿಮೆ ಇರುವ ಹೊತ್ತು ನೋಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಮ್ಮವರ ಜೊತೆ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ನಾಲ್ಕು ತಿಂಗಳಿಂದ ಮನೆ, ಆಸ್ಪತ್ರೆ ಬಿಟ್ಟು ಬೇರೆ ಕಂಡಿರಲಿಲ್ಲ. ಹೂವಿನ ಸಾಲು ದಾಟಿ ವೀಳ್ಯದೆಲೆಯ ಕಡೆ ತಿರುಗಿದ್ದೇನೆ, ಹಿಂದಿನಿಂದ ಹೂವಿನಾಕೆ ಕೂಗಿದಳು: "ಅಕ್ಕಾ, ಚಪ್ಲಿ! ಒಂದು ಚಪ್ಲಿ ಇಲ್ಲೇ ಬಿಟ್ಟೋಗವ್ರೆ!" ನೋಡಿದರೆ ನನ್ನ ಬಲಗಾಲು ಬರಿಗಾಲು. ಒದ್ದೆ ಕಲ್ಲು, ಕೊಳೆತ ಸೇವಂತಿಗೆ, ಬಾಳೆನಾರು ಎಲ್ಲವನ್ನೂ ತುಳಿದುಕೊಂಡು ಬಂದಿದ್ದೆ. ಕಾಲು ಒಂದು ಮಾತೂ ಹೇಳಿರಲಿಲ್ಲ. ಆಕೆ ತಂದುಕೊಟ್ಟಳು, ಸುತ್ತಲಿನವರು ನಕ್ಕರು, ನಾನೂ ನಕ್ಕೆ. ನಮ್ಮವರು ಮಾತ್ರ ನಗಲಿಲ್ಲ. ಆಟೋದಲ್ಲಿ ಕೂತ ಮೇಲೆ, "ಗೊತ್ತೇ ಆಗಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

ಡಾಕ್ಟರಿಗೆ ಹೇಳಿರಲಿಲ್ಲವೇ ಎನ್ನುತ್ತೀರಿ. ಹೇಳಿದ್ದೆ. ಆರನೆಯ ವಾರವೇ "ಜೋಮು ಇದೆ" ಎಂದೆ, "ಇದರಲ್ಲಿ ಸಾಮಾನ್ಯ" ಎಂದರು. ಏಳನೆಯ ವಾರ "ಜೋಮು ಜಾಸ್ತಿ" ಎಂದೆ, ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದರು. ಅವರನ್ನು ದೂರಿ ಏನು ಬಂತು? ಹೊರಗೆ ಅರವತ್ತು ಜನ ಕಾದಿರುತ್ತಾರೆ. ಅರವತ್ತು ಜನರಲ್ಲಿ ಮೂವತ್ತು ಜನ ಜೋಮು ಎನ್ನುತ್ತಾರೆ. ಎಂಟನೆಯ ವಾರ ನನ್ನ ಸೊಸೆ ಜೊತೆಗೆ ಬಂದಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ, "ಡಾಕ್ಟ್ರೇ, ಅತ್ತೆಗೆ ಮೂರು ದಿನದಿಂದ ರವಿಕೆ ಹುಕ್ಕು ನಾನೇ ಹಾಕ್ತಿದ್ದೀನಿ. ಕಾಲಿನ ಚಪ್ಪಲಿ ಬಿದ್ದುಹೋದ್ರೂ ಗೊತ್ತಾಗಲ್ಲ" ಎಂದುಬಿಟ್ಟಳು. ನನಗೆ ನಾಚಿಕೆಯಾಯಿತು. ಡಾಕ್ಟರು ಮಾತ್ರ ಪೆನ್ನು ಕೆಳಗಿಟ್ಟರು. ಕಣ್ಣು ಮುಚ್ಚಿಸಿ ಹತ್ತಿ ಎಳೆಯಿಂದ ಸವರಿದರು, ಕಂಪಿಸುವ ಉಕ್ಕಿನ ಕವೆಗೋಲನ್ನು ಕಾಲಿನ ಹೆಬ್ಬೆರಳ ಗೆಣ್ಣಿಗಿಟ್ಟು "ನಡುಕ ಗೊತ್ತಾಗುತ್ತಾ?" ಎಂದರು. ಗೊತ್ತಾಗಲಿಲ್ಲ. ಹಿಮ್ಮಡಿಗಂಟಿಗೆ ತಂದಾಗ ಎಲ್ಲೋ ದೂರದಲ್ಲಿ ದುಂಬಿ ಗುಂಯ್‌ಗುಟ್ಟಿದಂತೆ ತಿಳಿಯಿತು. ಆ ವಾರ ಔಷಧಿಯ ಪ್ರಮಾಣ ಇಳಿಸಿದರು.

ಆಮೇಲೆ ತಿಳಿದದ್ದೇನೆಂದರೆ, ಈ ತೊಂದರೆಯನ್ನು ಅಳೆಯುವುದೇ ಹಾಗಂತೆ. ಎಷ್ಟು ಜೋಮು ಎಂದಲ್ಲ, ಯಾವ ಕೆಲಸ ನಿಂತಿತು ಎಂದು. ಬರೀ ಜೋಮು ಇದ್ದರೆ ಒಂದು ದರ್ಜೆ. ಅಡುಗೆ, ಪೇಟೆ, ದುಡ್ಡೆಣಿಸುವುದು ತೊಡಕಾದರೆ ಎರಡು. ತನ್ನ ಬಟ್ಟೆ ತಾನು ಹಾಕಿಕೊಳ್ಳಲಾಗದಿದ್ದರೆ, ತುತ್ತು ತಾನು ತಿನ್ನಲಾಗದಿದ್ದರೆ ಮೂರು. ನಾನು ಎರಡು ವಾರ ಪದ ಹೇಳುತ್ತಿದ್ದೆ, ಸೊಸೆ ಹುಕ್ಕು ಹೇಳಿದಳು.

ಹತ್ತನೆಯ ವಾರಕ್ಕೆ ಔಷಧಿಯನ್ನೇ ನಿಲ್ಲಿಸಿದರು. ಎರಡು ಡ್ರಿಪ್ಪು ಉಳಿದೇಹೋಯಿತು. ಆ ಎರಡರ ಸುದ್ದಿ ನಮ್ಮ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ. ನನ್ನ ಓರಗಿತ್ತಿ, ನನಗಿಂತ ಎಂಟು ವರ್ಷಕ್ಕೆ ದೊಡ್ಡವರು, ಬಂದವರೇ ಶುರುಮಾಡಿದರು: "ಅಲ್ವೇ, ಪ್ರಾಣ ಮುಖ್ಯವೋ ಬೆರಳು ಮುಖ್ಯವೋ? ಇನ್ನೆರಡು ವಾರ ಹಲ್ಲುಕಚ್ಚಿಕೊಂಡಿದ್ರೆ ಆಗ್ತಿರಲಿಲ್ವೇ? ನಾಳೆ ಅದೇನಾದ್ರೂ ತಿರುಗಿ ಬಂದ್ರೆ?" ಅವರ ಮಾತಿನಲ್ಲಿ ಪ್ರೀತಿಯೇ ಇತ್ತು, ಅದಕ್ಕೇ ಚುಚ್ಚಿತು. ರಾತ್ರಿ ಮೂರು ಗಂಟೆಗೆ ಕಾಲು ಉರಿದು ಎಚ್ಚರಾದಾಗ ಅದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ಡಾಕ್ಟರು, "ಬಿಟ್ಟ ಎರಡರಿಂದ ಆಗುವ ನಷ್ಟಕ್ಕಿಂತ ಕೊಟ್ಟರೆ ಆಗುವ ನಷ್ಟ ದೊಡ್ಡದು ಅನ್ನಿಸಿತು, ಅದಕ್ಕೇ ನಿಲ್ಲಿಸಿದೆ" ಎಂದಿದ್ದರು. ಅವರ ಲೆಕ್ಕವನ್ನು ನಂಬಿದ್ದೇನೆ. ನಂಬಿಕೆಯೇ ಬೇರೆ, ರಾತ್ರಿ ಮೂರು ಗಂಟೆಯೇ ಬೇರೆ.

ನಮ್ಮ ಕೀಮೋ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಾಕೆ ಬಾಯೇ ಬಿಡಲಿಲ್ಲ. ಆಕೆ ಮನೆಯಲ್ಲಿ ಊದುಬತ್ತಿ ಹೊಸೆಯುವಾಕೆ. ನಮ್ಮ ಊರಿನ ಊದುಬತ್ತಿಗೆ ದೇಶದೇಶಗಳಲ್ಲಿ ಹೆಸರಿದೆ. ಅದನ್ನು ಹೊಸೆದದ್ದು ಇಂಥವರ ಅಂಗೈ ಬೆರಳುಗಳು. ಮಣೆಯ ಮೇಲೆ ಕಡ್ಡಿ ಇಟ್ಟು, ಮಸಾಲೆ ಮುದ್ದೆ ಸೇರಿಸಿ ಒಂದು ಉರುಳು. ಕೂಲಿ ಸಾವಿರ ಕಡ್ಡಿಗೆ ಇಷ್ಟು ಎಂದು. ಆಕೆ ದಿನಕ್ಕೆ ನಾಲ್ಕು ಸಾವಿರ ಹೊಸೆಯುತ್ತಿದ್ದಳಂತೆ. ನನ್ನಷ್ಟೇ, ನನಗಿಂತ ಜಾಸ್ತಿಯೇ ಜೋಮು ಆಕೆಗಿತ್ತು; ಟೀ ಲೋಟ ಎರಡು ಕೈಯಲ್ಲಿ ಹಿಡಿಯುತ್ತಿದ್ದಳು. "ಹೇಳಮ್ಮ" ಎಂದರೆ, "ಹೇಳಿದ್ರೆ ಔಸ್ದಿ ಕಮ್ಮಿ ಮಾಡ್ತಾರೆ. ಕಮ್ಮಿ ಮಾಡಿದ್ರೆ ಉಳೀತೀನಾ? ಮಕ್ಳು ಚಿಕ್ಕವ್ರು" ಎಂದಳು. ಹನ್ನೆರಡೂ ಮುಗಿಸಿದಳು. ನಾನು ಆ ಕೋಣೆಯಲ್ಲಿ ಕಂಡ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಹೀಗೆಯೇ. ಡಾಕ್ಟರು ಬಂದು "ಹೇಗಿದ್ದೀರಿ?" ಎಂದರೆ ಸಾಲುಸಾಲಾಗಿ "ಚೆನ್ನಾಗಿದೀವಿ ಸಾರ್". ಅವರ ಭಯ ದಡ್ಡತನವಲ್ಲ. ಆದರೆ ಔಷಧಿ ಇಳಿಸುವುದೋ, ಒಂದು ವಾರ ಮುಂದೂಡುವುದೋ, ಬೇರೆ ಔಷಧಿಗೆ ಬದಲಾಯಿಸುವುದೋ, ಹಾಗೆಯೇ ಮುಂದುವರಿಸುವುದೋ ಎಂದು ತೂಗಿ ನೋಡಬೇಕಾದ ತಕ್ಕಡಿಗೆ ಒಂದು ಕಡೆಯ ತೂಕವನ್ನೇ ಇವರು ಕೊಡದೆ ಬಚ್ಚಿಟ್ಟುಕೊಂಡರೆ ತೂಗುವವರು ಏನು ಮಾಡಿಯಾರು?

ಹೀಗೇಕಾಗುತ್ತದೆ ಎಂಬುದನ್ನು ನನಗೆ ಬಿಡಿಸಿ ಹೇಳಿದವಳು ಫಿಜಿಯೊಥೆರಪಿಯ ಹುಡುಗಿ. ಕಾಲ್ಬೆರಳಿನ ಸುದ್ದಿ ತರುವ ನರದ ಬೇರು ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಹತ್ತಿರ ಹತ್ತಿರ ಒಂದು ಮೀಟರು ಉದ್ದದ ಎಳೆ. ಆ ಎಳೆಯ ತುದಿಗೆ ಬೇಕಾದ ಆಹಾರ, ಸಾಮಾನು ಎಲ್ಲವೂ ಸೊಂಟದ ಕಡೆಯಿಂದಲೇ ಬರಬೇಕು. ಬರುವುದಕ್ಕೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳ ಹಳಿ ಇದೆ. ಅದೇ ಬಗೆಯ ಕೊಳವೆಗಳು ಕ್ಯಾನ್ಸರಿನ ಕೋಶ ಎರಡಾಗಿ ಒಡೆಯುವಾಗಲೂ ಬೇಕು, ಕಟ್ಟಬೇಕು, ಬಿಚ್ಚಬೇಕು. ಪ್ಯಾಕ್ಲಿಟಾಕ್ಸೆಲ್ ಹೋಗಿ ಕೊಳವೆ ಬಿಚ್ಚದಂತೆ ಬಿಗಿದುಬಿಡುತ್ತದೆ. ಕ್ಯಾನ್ಸರಿನ ಕೋಶ ಒಡೆಯಲಾರದೆ ಸಾಯುತ್ತದೆ. ನರ ಒಡೆಯುವ ಜಾತಿಯದಲ್ಲ, ಆದರೆ ಅದರ ಹಳಿಯೂ ಕೆಡುತ್ತದೆ. ಸರಕು ನಿಂತರೆ ಮೊದಲು ಉಪವಾಸ ಬೀಳುವುದು ಎಲ್ಲಕ್ಕಿಂತ ದೂರದ ಸ್ಟೇಷನ್ನು. ಅದಕ್ಕೇ ಕಾಲ್ಬೆರಳು ಮೊದಲು, ಕೈಬೆರಳು ಆಮೇಲೆ. ಕಾಲುಚೀಲ, ಕೈಚೀಲ ತೊಟ್ಟ ಹಾಗೆ. ಎಷ್ಟು ಸರಳವಾಗಿ ಹೇಳಿದಳು! ಮೈಸೂರಿನಿಂದ ಹೊರಟ ಗಾಡಿ ಅರಸೀಕೆರೆ ತಲುಪದ ಹಾಗೆ ಎಂದು ನಾನು ಅಂದೆ, ಅವಳು ಅದನ್ನು ಬೇರೆ ರೋಗಿಗಳಿಗೂ ಹೇಳುವುದಾಗಿ ಬರೆದುಕೊಂಡಳು.

ಈ ಔಷಧಿಯ ಹುಟ್ಟೂ ಒಂದು ಕಥೆ. ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಬೆಳೆಯುವ ಯೂ ಎಂಬ ಮರದ ತೊಗಟೆಯಿಂದ ಇದನ್ನು ಬೇರ್ಪಡಿಸಿ, ಅದರ ರಚನೆ ಹೀಗಿದೆ ಎಂದು 1971ರಲ್ಲಿ ಪ್ರಕಟಿಸಿದವರಲ್ಲಿ ಇಬ್ಬರು ಮುಖ್ಯರು: ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದೂರ್‌ಬಾರಿನಲ್ಲಿ 1925ರಲ್ಲಿ ಹುಟ್ಟಿದವರು; 2020ರಲ್ಲಿ ತೀರಿಕೊಂಡರು. ಅದು ಕೊಳವೆಯನ್ನು ಬಿಗಿಯುತ್ತದೆ ಎಂದು 1979ರಲ್ಲಿ ಕಂಡುಹಿಡಿದವರು ಸೂಸನ್ ಹಾರ್ವಿಟ್ಜ್ ಎಂಬ ಹೆಂಗಸು. ಅಮೆರಿಕದಲ್ಲಿ 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ, 1994ರಲ್ಲಿ ಸ್ತನದ ಕ್ಯಾನ್ಸರಿಗೆ ಇದಕ್ಕೆ ಅನುಮತಿ ಸಿಕ್ಕಿತು. ನನ್ನ ತಾಯಿಯ ಕಾಲದಲ್ಲಿ ಇದು ಇರಲಿಲ್ಲ. ಇದನ್ನು ನೆನೆದಾಗ ಬೈಯುವ ಬಾಯಿ ಕಟ್ಟುತ್ತದೆ.

ಇನ್ನೊಂದು ಔಷಧಿ ನಮ್ಮ ಅಂಗಳದ್ದೇ. ಕಾಶಿ ಕಣಗಿಲೆ, ನಿತ್ಯಪುಷ್ಪ ಎಂದೂ ಕರೆಯುತ್ತೇವೆ; ನೀರು ಹಾಕಿದರೂ ಹಾಕದಿದ್ದರೂ ಕಾಂಪೌಂಡಿನ ಸಂದಿಯಲ್ಲಿ ನಗುವ ಆ ಗುಲಾಬಿ, ಬಿಳಿ ಹೂ. ಮಡಗಾಸ್ಕರಿನಿಂದ ಬಂದ ಆ ಗಿಡದಿಂದ ತೆಗೆದ ವಿನ್‌ಕ್ರಿಸ್ಟೀನ್ 1963ರಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಅದು ಕೊಳವೆ ಕಟ್ಟದಂತೆಯೇ ಮಾಡುತ್ತದೆ. ಒಂದು ಬಿಚ್ಚಗೊಡದು, ಇನ್ನೊಂದು ಕಟ್ಟಗೊಡದು. ನರಕ್ಕೆ ಮಾತ್ರ ಎರಡರಿಂದಲೂ ಪೆಟ್ಟು. ಹೂವು ಒಳ್ಳೆಯದಂತೆ ಎಂದು ಎಲೆ ಅಗಿಯುವವರಿದ್ದಾರೆ, ದಯವಿಟ್ಟು ಬೇಡಿ, ಅದು ವಿಷದ ಗಿಡ. ಪ್ಲಾಟಿನಂ ಲೋಹದಿಂದ ಮಾಡಿದ ಔಷಧಿಗಳೂ ಇವೆ. ಅವುಗಳಲ್ಲಿ ಆಕ್ಸಾಲಿಪ್ಲಾಟಿನ್ ಪಡೆದವರು ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಕರೆಂಟು ಹೊಡೆದಂತಾಗುತ್ತದೆ, ತಣ್ಣೀರು ಗಂಟಲಲ್ಲಿ ಚುಚ್ಚುತ್ತದೆ. ಸಿಸ್‌ಪ್ಲಾಟಿನ್ ಕಿವಿಯನ್ನೂ ಬಿಡುವುದಿಲ್ಲ, ಗುಂಯ್ ಎನ್ನಿಸಿ ಕೇಳುವುದನ್ನು ಕಡಿಮೆ ಮಾಡುತ್ತದೆ. ಕಿವಿ ಪರೀಕ್ಷೆಗೆ ನಮ್ಮ ಊರಿನವರು ಪುಣ್ಯವಂತರು, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇಲ್ಲೇ ಇದೆ. ಈ ಪ್ಲಾಟಿನಂ ಔಷಧಿಗಳ ಇನ್ನೊಂದು ಗುಣ ವಿಚಿತ್ರ: ಕೀಮೋ ಮುಗಿದ ಮೇಲೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಗಬಹುದು. ಮುಗಿಯಿತು ಎಂದು ಹೋಳಿಗೆ ಮಾಡಿದವರು ಗಾಬರಿಯಾಗುತ್ತಾರೆ.

ಎಷ್ಟು ಜನಕ್ಕೆ ಹೀಗಾಗುತ್ತದೆ? 2014ರಲ್ಲಿ 31 ಅಧ್ಯಯನಗಳನ್ನು, 4,000ಕ್ಕೂ ಹೆಚ್ಚು ರೋಗಿಗಳ ವಿವರವನ್ನು ಸೇರಿಸಿ ನೋಡಿದರು. ಕೀಮೋ ಮುಗಿದ ಮೊದಲ ತಿಂಗಳಲ್ಲಿ 100ಕ್ಕೆ 68 ಜನರಿಗೆ ಇತ್ತು. ಆರು ತಿಂಗಳು ಮತ್ತು ಅದರಾಚೆ 30 ಜನರಿಗೆ ಉಳಿದಿತ್ತು. ನಾನು ಆ 30ರಲ್ಲಿ ಒಬ್ಬಳು.

ಮದ್ದಿನ ವಿಷಯಕ್ಕೆ ಬಂದರೆ ಕೈ ಬರಿದು. ನರ ತಾನಾಗಿ ಚಿಗುರಬೇಕು, ಅದು ಚಿಗುರುವುದು ಬಲು ನಿಧಾನ. ನಾನು ನುಂಗಿದ ಬಿ ಕಾಂಪ್ಲೆಕ್ಸ್ ಇದನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲವಂತೆ. ಅದರಲ್ಲಿ ಬಿ 6 ಅತಿಯಾದರೆ ಅದೇ ನರಕ್ಕೆ ಕೆಡುಕು. ನರಕ್ಕೆ ಬಲವೆಂದು ಮಾರುತ್ತಿದ್ದ ಅಸಿಟೈಲ್ ಕಾರ್ನಿಟಿನ್ ಎಂಬುದನ್ನು ಸ್ತನ ಕ್ಯಾನ್ಸರಿನ ಹೆಂಗಸರಿಗೆ ಕೊಟ್ಟು ನೋಡಿದಾಗ ಜೋಮು ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 2013ರಲ್ಲಿ ವರದಿ ಬಂತು. ಅಂಗಡಿಯವನು ಹೇಳಿದ, ಪಕ್ಕದ ಮನೆಯವರು ಹೇಳಿದರು ಎಂದು ನುಂಗುವವರು ಇದನ್ನು ನೆನಪಿಡಬೇಕು. ನೋವಿಗೆ, ಉರಿಗೆ ಡುಲಾಕ್ಸೆಟೀನ್ ಎಂಬ ಮಾತ್ರೆ ಕೆಲವರಿಗೆ ಕೆಲಸ ಮಾಡುತ್ತದೆ. ನನಗೆ ರಾತ್ರಿಯ ಉರಿ ತಗ್ಗಿದ್ದು ಅದರಿಂದಲೇ. ಜೋಮಿಗೆ ಅದರ ಹಂಗಿಲ್ಲ. ಜಪಾನಿನ ಕ್ಯೋಟೋದಲ್ಲಿ, ಔಷಧಿ ಇಳಿಯುವ ಹೊತ್ತಿನಲ್ಲಿ ಒಂದು ಕೈ ಒಂದು ಕಾಲಿಗೆ ಮಾತ್ರ ಹಿಮದಂಥ ತಣ್ಣನೆಯ ಕವಚ ತೊಡಿಸಿ, ಇನ್ನೊಂದು ಕಡೆ ಹಾಗೇ ಬಿಟ್ಟು ನೋಡಿದರು. ತಣ್ಣಗಿದ್ದ ಕಡೆ ಜೋಮು ಕಡಿಮೆಯಿತ್ತೆಂದು 2018ರಲ್ಲಿ ಪ್ರಕಟಿಸಿದರು. ಎಲ್ಲ ಅಧ್ಯಯನಗಳೂ ಇದೇ ಉತ್ತರ ಕೊಟ್ಟಿಲ್ಲ. ಆದರೂ ಈಗ ಪ್ಯಾಕ್ಲಿಟಾಕ್ಸೆಲ್ ಶುರುಮಾಡುವವರು ಡಾಕ್ಟರನ್ನು ಒಂದು ಮಾತು ಕೇಳಬಹುದು. ಆಕ್ಸಾಲಿಪ್ಲಾಟಿನ್ ಪಡೆಯುವವರಿಗಂತೂ ಇದು ಸಲ್ಲದು.

ಫಿಜಿಯೊಥೆರಪಿಯ ಹುಡುಗಿ ಕೊಟ್ಟ ಮನೆಪಾಠ ನನಗೆ ಹಿಡಿಸಿತು. ಪಾತ್ರೆಯಲ್ಲಿ ಅಕ್ಕಿ ತುಂಬಿ, ಒಳಗೆ ಗುಂಡಿ, ನಾಣ್ಯ, ಅಡಿಕೆ ಹುದುಗಿಸಿ, ಕಣ್ಣು ಮುಚ್ಚಿ ಹುಡುಕುವುದು. ಮೊಮ್ಮಗನಿಗೆ ಇದು ಆಟ. ನಾನು ಅಡಿಕೆಯನ್ನು ಗುಂಡಿ ಎಂದರೆ ಕುಣಿದಾಡುತ್ತಿದ್ದ. ಇನ್ನೊಂದು ಅಭ್ಯಾಸ ನಾನೇ ಸೇರಿಸಿಕೊಂಡದ್ದು, ಹತ್ತಿ ಬತ್ತಿ ಹೊಸೆಯುವುದು. ಆ ವರಮಹಾಲಕ್ಷ್ಮಿ ಹಬ್ಬಕ್ಕೆ ಮಲ್ಲಿಗೆ ಕಟ್ಟಲು ಕೂತು, ಮೊಗ್ಗು ಬೆರಳಲ್ಲಿದೆಯೋ ಮಡಿಲಲ್ಲಿದೆಯೋ ತಿಳಿಯದೆ, ಅರ್ಧ ಮೊಳಕ್ಕೆ ದಾರ ಕೆಳಗಿಟ್ಟು ಅತ್ತಿದ್ದೆ. ಬತ್ತಿಗೆ ಅಷ್ಟು ನಾಜೂಕು ಬೇಡ. ವಕ್ರವಾದರೂ ದೇವರು ಬೆಳಗುತ್ತಾನೆ. ಎರಡು ವರ್ಷ ಬೇಕಾಯಿತು, ಬೆರಳು ಮುಕ್ಕಾಲು ಪಾಲು ಮರಳಿತು. ಹುಕ್ಕು ನಾನೇ ಹಾಕಿಕೊಳ್ಳುತ್ತೇನೆ. ಎಳೆಪಾಕ ಮಾತ್ರ ಈಗ ಕಣ್ಣಿನಿಂದ ನೋಡುತ್ತೇನೆ.

ಅಂಗಾಲು ಮರಳಲಿಲ್ಲ. ಒಂದು ಬೇಸಿಗೆ ತಾರಸಿಯಲ್ಲಿ ಸಂಡಿಗೆ ಇಟ್ಟು ಇಳಿದು ಬಂದಾಗ ಸೊಸೆ "ಅತ್ತೆ, ಕಾಲು!" ಎಂದು ಕಿರುಚಿದಳು. ಬಿಸಿಲಿಗೆ ಕಾದ ನೆಲ ಬೊಬ್ಬೆ ಎಬ್ಬಿಸಿತ್ತು. ಅಂದಿನಿಂದ ಮನೆಯೊಳಗೂ ಹಿಮ್ಮಡಿಗೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ. ಸಕ್ಕರೆ ಕಾಯಿಲೆಯವರಿಗೆ ಹೇಳುತ್ತಾರಲ್ಲ, ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು, ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡುವುದು, ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇಟ್ಟುಕೊಳ್ಳುವುದು, ಎಲ್ಲವೂ ನನಗೂ ಅನ್ವಯ. ಕತ್ತಲಲ್ಲಿ ನೆಲ ಎಲ್ಲಿದೆಯೆಂದು ನನ್ನ ಕಾಲಿಗೆ ಗೊತ್ತಿಲ್ಲ. ಚಾಮುಂಡಿ ಬೆಟ್ಟಕ್ಕೆ ಬೆಳಗ್ಗೆ ಆರಕ್ಕೇ ಹೋಗಿ, ಕಲ್ಲು ಕಾಯುವ ಮುಂಚೆ ಇಳಿದುಬಿಡುತ್ತೇನೆ. ದೇವಸ್ಥಾನದಲ್ಲಿ ಕಾಲುಚೀಲ ಹಾಕಿ ನಿಂತವಳನ್ನು ಒಬ್ಬರು ಹಿರಿಯರು ಮಡಿ ಮೈಲಿಗೆ ಎಂದು ಗದರಿದರು. ಕಾಲುಚೀಲ ತೆಗೆದು ಅಂಗಾಲಿನ ಕಲೆ ತೋರಿಸಿದೆ. ಆಮೇಲೆ ಅವರೇ ಮುಂದೆ ಜಾಗ ಮಾಡಿಕೊಟ್ಟರು.

ಊದುಬತ್ತಿಯಾಕೆ ವರ್ಷಕ್ಕೊಮ್ಮೆ ತಪಾಸಣೆಗೆ ಬಂದಾಗ ಸಿಗುತ್ತಾಳೆ. ಕಾಯಿಲೆ ತಿರುಗಿ ಬಂದಿಲ್ಲ, ನನಗೂ ಬಂದಿಲ್ಲ. ಕಳೆದ ಸಲ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಿದ್ದಾಗ, "ಬುಡ್ತಾ ಅಮ್ಮಾ ನಿಮ್ಗೆ?" ಎಂದು ಕೇಳಿದಳು. ಕೈ ಬಿಟ್ಟಿದೆ, ಕಾಲು ಬಿಟ್ಟಿಲ್ಲ ಎಂದೆ. ಆಕೆ ತನ್ನ ಬಲಗೈ ಬಿಡಿಸಿ ನೋಡಿಕೊಂಡಳು. "ನಂಗೆ ಸಾವಿರದ ಮ್ಯಾಲೆ ಹೋಯ್ತಿಲ್ಲ. ಕಡ್ಡಿ ದಪ್ಪ ಸಣ್ಣ ಆಯ್ತದೆ, ಮೇಸ್ತ್ರಿ ವಾಪಸ್ಸು ಕೊಡ್ತಾನೆ. ಈಗ ಮಿಷನ್ನೂ ಬಂದದೆ. ಎಣ್ಸಿ ಕಟ್ಟು ಕಟ್ಟೋ ಕೆಲ್ಸಕ್ಕೆ ಹೋಯ್ತಿದೀನಿ" ಎಂದಳು. ಡಾಕ್ಟರಿಗೆ ಹೇಳಿದೆಯಾ ಎಂದೆ. "ಜೋಮು ಅಂದೆ" ಎಂದಳು. ಜೋಮು ಅನ್ನಬೇಡ, ನಾಲ್ಕು ಸಾವಿರ ಇದ್ದದ್ದು ಒಂದು ಸಾವಿರ ಆಗಿದೆ ಅನ್ನು ಎಂದೆ. ಅಷ್ಟರಲ್ಲಿ ಆಕೆಯ ನಂಬರು ಕೂಗಿದರು. ಸೆರಗು ಸರಿಮಾಡಿಕೊಂಡು, "ನಾಕ್ ಸಾವ್ರ, ಒಂದ್ ಸಾವ್ರ" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಒಳಗೆ ಹೋದಳು.